ಅಧ್ಯಕ್ಷರಾದ ಅಯ್ಯನವರ ಪಾದ

ಅಕ್ಕ ಬೆಳಿಗ್ಗೆ ಸತ್ತಳು. ಮಧ್ಯಾಹ್ನವಾದರೂ ಹಜಾರದ ಗೋಡೆಗೆ ಒರಗಿ ಕೂತೇ ಇದ್ದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟು, ಬಟ್ಟೆಯಲ್ಲಿ ಬಿಗಿದು ಕೂರಿಸುತ್ತೇವೆ. ಆಮೇಲೆ ಊರ ಮಠದ ಅಯ್ಯನವರು ಬಂದು ತಲೆಯ ಮೇಲೆ ಪಾದ ಇಡಬೇಕು. ಅದಾದ ಮೇಲೆಯೇ ಹೂಳುವುದು. ಹೊತ್ತು ಮುಳುಗಿದ ಮೇಲೆ ನಮ್ಮೂರಲ್ಲಿ ಗುಣಿ ಮುಚ್ಚುವುದಿಲ್ಲ. ಗುಣಿ ತೋಡಿ ಆಗಿತ್ತು. ಅಯ್ಯನವರು ಇರಲಿಲ್ಲ.

ಅಯ್ಯನವರು ಈಗ ಬರೀ ಅಯ್ಯನವರಲ್ಲ. ಸರ್ಕಾರದ ಒಂದು ನಿಗಮಕ್ಕೆ ಅಧ್ಯಕ್ಷರು. ಮಾಡಿದವರು ನಾವೇ. ನಿಮ್ಮ ಕಡೆಯವರೊಬ್ಬರಿಗೆ ಆ ಕುರ್ಚಿ ಕೊಡುತ್ತೇವೆ ಎಂದು ಮೇಲಿನಿಂದ ಮಾತು ಬಂದಾಗ ಊರಿನ ಎರಡು ದೊಡ್ಡ ಮನೆಯವರು ಕಚ್ಚಾಡಿದರು. ನೀನೂ ಬೇಡ, ನಾನೂ ಬೇಡ, ಅಯ್ಯನವರಾಗಲಿ, ಅವರ ಎದುರು ಯಾರು ನಿಲ್ಲುತ್ತಾರೆ ಎಂದು ಮಠದ ಜಗುಲಿಯಲ್ಲಿ ತೀರ್ಮಾನವಾಯಿತು. ಹಾರ ಹಾಕಿ, ಕಾಲಿಗೆ ಬಿದ್ದು ಕಳಿಸಿದೆವು. ಆ ಕಾಲು ಊರಿಗೂ ಬೇಕಾಗುತ್ತದೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಅಕ್ಕನಿಗೆ ಹೊಳೆದಿತ್ತು, ಅದೂ ಸಾಯುವ ಹಿಂದಿನ ವಾರ. ಅವಳ ಮೊಮ್ಮಗಳು ಬಿ.ಎ. ಓದುತ್ತಾಳೆ. ಪರೀಕ್ಷೆ ಹತ್ತಿರ ಬಂದರೆ ಗಟ್ಟಿಯಾಗಿ ಓದುವ ರೋಗ ಅವಳಿಗೆ. ಅಕ್ಕನ ಹಾಸಿಗೆಯ ಪಕ್ಕದಲ್ಲೇ ಕೂತು ಓದುತ್ತಿದ್ದಳು. ಹಳೇ ಕಾಲದ ಇಂಗ್ಲೆಂಡಿನಲ್ಲಿ ರಾಜರು ಚರ್ಚಿನ ಬಿಷಪ್ಪರನ್ನೇ ಮಂತ್ರಿ ಮಾಡಿಕೊಳ್ಳುತ್ತಿದ್ದರಂತೆ. ಅವರಿಗೆ ಓದು ಬರಹ ಬರುತ್ತಿತ್ತು. ಮದುವೆ ಇಲ್ಲದ್ದರಿಂದ ಕುರ್ಚಿಯನ್ನು ಮಗನಿಗೆ ಕೊಡುತ್ತಾರೆಂಬ ಭಯವಿಲ್ಲ. ಚರ್ಚಿನ ಆಸ್ತಿಯಿಂದಲೇ ಹೊಟ್ಟೆ ತುಂಬುತ್ತಿದ್ದರಿಂದ ರಾಜನ ಬೊಕ್ಕಸಕ್ಕೂ ಭಾರವಿಲ್ಲ. ರಾಜಮುದ್ರೆಯೇ ಅವರ ಕೈಯಲ್ಲಿರುತ್ತಿತ್ತಂತೆ. ರಾಜ ಹೋದ ಕಡೆಗೆಲ್ಲ ಹೋಗಿ, ಕೆಲವರು ತಮ್ಮ ಚರ್ಚಿನ ಬಾಗಿಲನ್ನೇ ವರ್ಷಗಟ್ಟಲೆ ನೋಡುತ್ತಿರಲಿಲ್ಲವಂತೆ.

ಕಣ್ಣು ಮುಚ್ಚಿ ಮಲಗಿದ್ದ ಅಕ್ಕ ಕೇಳಿದಳು: "ಅಲ್ಲ ಕಣೆ, ಹಂಗಾದ್ರೆ ಅವರೂರಲ್ಲಿ ಸತ್ತೋರ ಗತಿ?"

"ಆ ಕೆಲಸಕ್ಕೆ ಬೇರೆಯವರನ್ನ ಇಡ್ತಿದ್ರು ಅಜ್ಜಿ."

"ಅದಕ್ಕೂ ಆಳಾ? ನಂಗಂತೂ ಬ್ಯಾಡ ಕಣಮ್ಮ. ನನ್ನ ತಲೆ ಮ್ಯಾಲೆ ಅಯ್ಯನೋರ ಪಾದವೇ ಬೀಳ್ಬೇಕು. ನಂಗೆ ಲಿಂಗ ಕಟ್ಟಿದ್ದು ಅವರಪ್ಪ." ಆಮೇಲೆ ನನ್ನ ಕಡೆ ತಿರುಗಿದಳು. "ಕೇಳಿಸ್ತಾ ನಿಂಗೆ? ಕಿವುಡಿ ಹಂಗೆ ಆಡ್ಬೇಡ."

"ಕೇಳಿಸ್ತು. ಮೊದ್ಲು ಗಂಜಿ ಕುಡಿ" ಅಂದೆ.

ಹಾಗಾಗಿ ಆ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಜಾರಕ್ಕೆ ಹೋಗಿ ಅಕ್ಕನ ಸೆರಗು ಸರಿ ಮಾಡುವುದು, ಗೇಟಿಗೆ ಬಂದು ರಸ್ತೆ ನೋಡುವುದು, ಮತ್ತೆ ಒಳಗೆ. ಅಕ್ಕನ ಮಗ ಅಯ್ಯನವರಿಗೆ ಫೋನು ಮಾಡಿ ಮಾಡಿ ಸೋತ. ಎತ್ತುವವನು ಅವರ ಪಿ.ಎ. ಹಾರಂಗಿ ಅಣೆಕಟ್ಟಿನ ಬಂಗಲೆಯಲ್ಲಿ ಮಂತ್ರಿಗಳ ಜೊತೆ ನಾಲೆಗೆ ನೀರು ಬಿಡುವ ಮೀಟಿಂಗು, ಸಾಹೇಬರು ಸಿಗುವುದಿಲ್ಲ ಎಂದು ಒಂದೇ ರಾಗ. ಸಿಲ್ವರ್ ಓಕ್ ಮರಗಳ ನೆರಳು ಕಾಫಿ ಕಣಕ್ಕೆ ಇಳಿಯಿತು. ನಾನು ಪಕ್ಕದ ಮನೆಯವರ ಜೀಪು ಹತ್ತಿದೆ.

"ಚಿಕ್ಕವ್ವ, ಸಾವಿನ ಮನೆ ಬಿಟ್ಟು ಎಲ್ಲಿಗೆ ಹೊರಟೆ?" ಅಂತ ಅಕ್ಕನ ಮಗ ಹಿಂದೆಯೇ ಓಡಿ ಬಂದ.

"ಅವಳೇನು ಎದ್ದು ಹೋಗ್ತಾಳಾ? ಬರೋವರೆಗೂ ನೋಡ್ಕೋ" ಅಂದೆ.

ಬಂಗಲೆಯ ಬಾಗಿಲಲ್ಲಿದ್ದ ಪೊಲೀಸಿನವನು ಅಧ್ಯಕ್ಷರನ್ನು ಈಗ ನೋಡುವ ಹಾಗಿಲ್ಲ ಎಂದ.

"ಅಧ್ಯಕ್ಷರು ಯಾರಿಗೆ ಬೇಕು? ನಂಗೆ ಅಯ್ಯನೋರು ಬೇಕು."

"ಇಬ್ರೂ ಒಬ್ರೇ ಅಲ್ವಾ ಅಜ್ಜಿ?"

"ಹಂಗಾದ್ರೆ ಅಧ್ಯಕ್ಷರು ಅಲ್ಲೇ ಕೂತಿರ್ಲಿ, ಅಯ್ಯನೋರನ್ನ ಆಚೆ ಕಳಿಸು."

ಗಲಾಟೆ ಕೇಳಿ ಅವರೇ ಬಂದರು. ಕಾಲಲ್ಲಿ ಕರೀ ಬೂಟು. ಸುದ್ದಿ ಕೇಳಿ ಮುಖ ಸಣ್ಣದು ಮಾಡಿದರು. ಆ ಪಿ.ಎ. ಸುದ್ದಿಯನ್ನು ಅವರಿಗೆ ಹೇಳಿಯೇ ಇರಲಿಲ್ಲ.

"ಅವ್ವ, ಇದು ನೀರಿನ ವಿಷ್ಯ. ನಮ್ಮ ತಗ್ಗಿನ ಗದ್ದೆಗಳೆಲ್ಲ ಇದರ ಮ್ಯಾಲೇ ನಿಂತವೆ. ನಾನು ಎದ್ದರೆ ನಮ್ಮೂರ ಪರವಾಗಿ ಕೇಳೋರಿಲ್ಲ. ನನ್ನ ತಮ್ಮನ್ನ ಕಳಿಸ್ತೀನಿ, ಶಾಸ್ತ್ರ ಎಲ್ಲ ಬರುತ್ತೆ ಅವನಿಗೆ."

"ಇಂಗ್ಲೆಂಡಿನೋರೂ ಹಿಂಗೇ ಮಾಡ್ತಿದ್ರಂತೆ ಬುದ್ಧಿ."

"ಯಾವ ಇಂಗ್ಲೆಂಡು?"

"ನಿಮ್ಮಂಗೆ ಎರಡು ಕುರ್ಚಿಯೋರು. ಅಕ್ಕ ಅದು ಬ್ಯಾಡ ಅಂದು ಸತ್ತವ್ಳೆ. ತಮ್ಮನೋರು ಬಂದ್ರೆ ಬಾಗ್ಲಲ್ಲೇ ನಿಲ್ಲಿಸ್ತೀನಿ."

ಒಳಗಿನಿಂದ ಯಾರೋ "ಅಧ್ಯಕ್ಷರೇ" ಎಂದು ಕರೆದರು. ಅವರು ಒಳಗೆ ಹೋದರು. ಮುಗಿಯಿತು ಅಂದುಕೊಂಡು ಜೀಪು ಹತ್ತಿದೆ. ದಾರಿಯುದ್ದಕ್ಕೂ ಬೆಟ್ಟದ ಮೇಲಿನ ಸೂರ್ಯನನ್ನೇ ನೋಡುತ್ತಾ ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸಿದೆ, ಅವಳು ಕೇಳುವವಳ ಹಾಗೆ. ಊರಿನ ತಿರುವಿನಲ್ಲಿ ಹಿಂದೆ ಹಾರನ್ನು. ಡ್ರೈವರು ಬೈಯುತ್ತಿದ್ದವನು ಕನ್ನಡಿ ನೋಡಿ ಸರಕ್ಕನೆ ಪಕ್ಕಕ್ಕೆ ಎಳೆದ. ಸರ್ಕಾರಿ ಕಾರು ಮುಂದೆ ಹೋಯಿತು.

ಅಂಗಳದಲ್ಲಿ ಅಯ್ಯನವರು ಬೂಟು, ಕಾಲುಚೀಲ ಬಿಚ್ಚಿದರು. ಪಾದಕ್ಕೆ ನೀರು ಹಾಕಿದವಳು ನಾನೇ. ಮೊದಲು ಮನೆ ಮನೆಗೆ ಬರಿಗಾಲಲ್ಲಿ ತಿರುಗಿ ಒಡೆದು ಹೋಗಿದ್ದ ಪಾದ ಅದು. ಈಗ ಮಗುವಿನದರ ಹಾಗೆ ಮೆತ್ತಗಾಗಿದೆ, ಮೀನಖಂಡದ ಕೆಳಗೆ ಕಾಲುಚೀಲದ ಬಿಗಿ ಗುರುತು. ಅಕ್ಕ ನೋಡಿದ್ದರೆ ನಗುತ್ತಿದ್ದಳು. ಪಾದ ಇಟ್ಟಾಗ ಅವಳ ತಲೆ ಸ್ವಲ್ಪ ವಾಲಿತು, ಹಿಡಿದುಕೊಂಡೆ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಂತ್ರ ಮುಗಿಯುವವರೆಗೆ ಪಾದ ಕದಲಲಿಲ್ಲ, ಕೈ ಜೇಬಿಗೆ ಹೋಗಲಿಲ್ಲ. ಬೆಳಕಿರುವಾಗಲೇ ಮಣ್ಣು ಮಾಡಿದೆವು.

ಹೊರಡುವಾಗ ಅವರು ನನ್ನ ಹತ್ತಿರ ನಿಂತು, "ಅಲ್ಲಿ ಕೂತ್ರೆ ಇಲ್ಲಿ ಚಿಂತೆ, ಇಲ್ಲಿ ಬಂದ್ರೆ ಅಲ್ಲಿ. ಯಾವ್ದು ಬಿಡ್ಲಿ ಅವ್ವ?" ಎಂದರು.

"ನನ್ನ ಕೇಳಿದ್ರೆ ಕುರ್ಚಿ ಅಂತೀನಿ. ಗದ್ದೆ ಇರೋರ್ನ ಕೇಳಿ, ಬೇರೆ ಹೇಳ್ತಾರೆ."

ಅವರು ಯಾವುದನ್ನೂ ಬಿಟ್ಟಿಲ್ಲ. ಆ ಮೀಟಿಂಗಿನಲ್ಲಿ ಏನಾಯಿತೋ, ನಾಲೆಯ ನೀರು ನಮ್ಮ ಕಡೆಗೆ ಎಲ್ಲರಿಗಿಂತ ತಡವಾಗಿ ಬಂತು. ಅಕ್ಕನ ಮಗ ಅದಕ್ಕೆ ನನ್ನನ್ನೇ ಬೈಯುತ್ತಾನೆ. ಬೈಯಲಿ, ಗದ್ದೆ ಅವನದು.

ಮುಂದಿನ ಸರದಿ ನನ್ನದು. ಮೊಮ್ಮಗಳು, "ನಾನು ಹೋಗಿ ಕರ್ಕೊಂಡ್ ಬರ್ತೀನಿ ಚಿಕ್ಕಜ್ಜಿ" ಅನ್ನುತ್ತಾಳೆ. ಅವಳಿಗೆ ಯಾವಾಗಲೂ ಒಂದು ಪರೀಕ್ಷೆ ಇರುತ್ತದೆ. ಅದಕ್ಕೇ ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಗೇಟಿಗೆ ಬಂದು ಮಠದ ಮುಂದೆ ಅಯ್ಯನವರ ಕಾರು ನಿಂತಿದೆಯೋ ಇಲ್ಲವೋ ನೋಡುತ್ತೇನೆ.

ಇವತ್ತು ಕಾರಿಲ್ಲ. ಒಳಗೆ ಬಂದು ಒಲೆ ಹಚ್ಚಿದೆ.