ಒಂದು ಹುಳು, ಮೂರು ಊರು

ಕೈಗೆ ಸಿಕ್ಕ ಮರದ ತುಂಡಿಗೆ ಉಗುಳು ಹಚ್ಚಿ ನೋಡುವುದು ನನ್ನ ಹಳೆಯ ಚಟ. ಒದ್ದೆಯಾದ ಮರ ತನ್ನ ಕುಲ ಮುಚ್ಚಿಡಲಾರದು. ಸಾಗುವಾನಿಯೋ ಬೇವೋ, ಕೂಡಲೇ ಹೇಳಿಬಿಡುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಆಳಂದದಲ್ಲಿ ಬಡಿಗತನಕ್ಕೆ ಕೂತ ನನಗೆ ಇಷ್ಟೇ ವಿದ್ಯೆ. ಜಂಬ ಮಾತ್ರ ದೊಡ್ಡ ಪಂಡಿತನದು.

ನಿಜವಾದ ವಿದ್ಯೆ ತಂಗಿ ಮಹಾದೇವಿಯದು. ಕಲಬುರಗಿಯಲ್ಲಿ ಮರಗಳ ಸಂಶೋಧನೆ ಮಾಡುತ್ತಾಳೆ. ಕಾಗದಕ್ಕಿಂತ ತೆಳ್ಳಗೆ ಮರ ಸೀಳಿ, ಸೂಕ್ಷ್ಮದರ್ಶಕದಲ್ಲಿಟ್ಟು, ನೀರು ಹರಿಯುವ ರಂಧ್ರಗಳ ಸಾಲು ನೋಡಿ, ಎಲೆ ಹೂವಿಲ್ಲದೆಯೇ ಇದು ಜಾಲಿ, ಇದು ಅದರ ದಾಯಾದಿ ಬಿಳಿಜಾಲಿ ಎಂದು ಬೇರ್ಪಡಿಸುವ ಕೆಲಸ. ಅದಕ್ಕೂ ಮೊದಲು, ಮಣ್ಣು ಬದಲಾದರೆ ಒಂದೇ ಜಾತಿಯ ಮರದ ಒಳಗೂ ಬದಲಾಗುವುದೇ ಎಂದು ತಿಳಿಯಬೇಕಿತ್ತು. ಕಿಣ್ಣಿ ಸುಲ್ತಾನ, ಹವಳಗಾ, ಯಡ್ರಾಮಿ ಎಂಬ ಬೇರೆ ಬೇರೆ ಮಣ್ಣಿನ ಮೂರು ಊರುಗಳಿಂದ ಒಂದೊಂದು ಜಾಲಿ ತುಂಡು ತಂದುಕೊಡೆಂದು ನನ್ನನ್ನು ಕೇಳಿದಳು.

ಜಾಲಿ ಎಲ್ಲಿದ್ದರೂ ಜಾಲಿಯೇ ಅಲ್ಲವೇ? ಹವಳಗಾಕ್ಕೆ ಅಫಜಲಪುರದ ಕಡೆ, ಯಡ್ರಾಮಿಗೆ ಜೇವರ್ಗಿಯ ಕಡೆ ಎಂದು ಬಿಸಿಲಲ್ಲಿ ಅಲೆಯುವವರು ಯಾರು? ಹೊಲ ಹರಗುವ ಕುಂಟೆ ಮಾಡಲು ಕಿಣ್ಣಿ ಸುಲ್ತಾನದಿಂದ ತಂದಿದ್ದ ಒಂದೇ ಕೊಂಬೆಯನ್ನು ಮೂರಾಗಿ ಕೊಯ್ದು, ಮೂರೂರ ಚೀಟಿ ಅಂಟಿಸಿ ಕಳಿಸಿದೆ. ಮೂರರಲ್ಲಿ ಒಂದಾದರೂ ನಿಜವಿದೆಯೆಂದು ಸಮಾಧಾನವನ್ನೂ ಪಟ್ಟುಕೊಂಡೆ.

ತಿಂಗಳ ನಂತರ ಫೋನು ಬಂತು.

"ಅಣ್ಣಾ, ಮೂರೂ ಊರಿನ ಜಾಲಿ ಒಳಗ ಒಂದೇ ನಮೂನಿ ಅದ! ಮಣ್ಣು ಬದಲಾದ್ರೂ ಮರ ಬದಲಾಗಿಲ್ಲ. ನಾಳೆ ನಮ್ಮ ಗೈಡ್ ಸರ್ ಮುಂದ ಹೇಳ್ತೇನಿ."

ಮರುದಿನ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿದೆ. ಪ್ರಯೋಗಾಲಯದ ಬಾಗಿಲಲ್ಲಿ ಮಾತಿಗಿಂತ ಮೊದಲು ಕಣ್ಣು ಒಳಗೆ ಹೋಯಿತು. ಮೇಜಿನ ಮೇಲೆ ಆ ಮೂರು ತುಂಡುಗಳು. ಪ್ರತಿಯೊಂದರ ಚೀಟಿಯಲ್ಲೂ "ಸಂಗ್ರಹಿಸಿದವರು" ಎಂದು ನನ್ನ ಹೆಸರು. ಬಡಿಗನ ಕೈ ಸುಮ್ಮನಿದ್ದೀತೇ? ಚಟದಂತೆ ತುದಿಗೆ ತುದಿ ಕೂಡಿಸಿಬಿಟ್ಟಿತು. ಮರ ಕೊರೆವ ಹುಳುವಿನ ಬಿಲವೊಂದು ಮೂರರಲ್ಲೂ ಕೂದಲೆಳೆಯಷ್ಟೂ ತಪ್ಪದೆ ಸಾಗಿತ್ತು.

ಎದುರಿಗಿದ್ದ ತಂಗಿ ಬಿಲ ನೋಡಿದಳು, ನನ್ನ ನೋಡಿದಳು.

"ಈ ಹುಳಾ ಹವಳಗಾದಿಂದ ಯಡ್ರಾಮಿಗಿ ಬಸ್ಸಿನ್ಯಾಗ ಹೋಗಿತ್ತೇನಣ್ಣಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹುಳಾನೂ ಹೋಗಿಲ್ಲ, ನೀನೂ ಹೋಗಿಲ್ಲ. ನಾ ಸರ್‌ಗ ಏನ್ ಹೇಳ್ಲಿ?" ಎಂದವಳೇ ಹೆಸರಿದ್ದ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಸರ್ ಮುಂದೆ ಅವಳೇ ತಲೆ ತಗ್ಗಿಸಿ ನಿಂತಳು. ನಾನು ಹೊರಗೆ ಬೆಂಚಿನ ಮೇಲೆ ಕೂತು, ಬೆಂಚು ಯಾವ ಮರದ್ದೆಂದು ನೋಡುತ್ತಿದ್ದೆ.

ವಾರದೊಳಗೆ ಹವಳಗಾಕ್ಕೂ ಯಡ್ರಾಮಿಗೂ ಹೋಗಿ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು, ಎಲೆ ಹೂವಿನ ಸಮೇತ ತುಂಡು ತಂದುಕೊಟ್ಟೆ. ಮಹಾದೇವಿ ಬೆರಳಿಗೆ ಉಗುಳು ಹಚ್ಚಿ, ಎರಡರ ತುದಿಯನ್ನೂ ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನನ್ನದೇ ಚಟ. ಆದರೆ ಅವಳು ಪರೀಕ್ಷಿಸುತ್ತಿದ್ದುದು ಮರದ ಕುಲವನ್ನಲ್ಲ, ಅಣ್ಣನದನ್ನು.