ಒಬ್ಬರಿರುವ ಮನೆಯ ರೀಡಿಂಗು

ಹಿಂದೆ ರಾಜರು ಕೋಟೆ ಕಾಯುತ್ತಿದ್ದ ಹಾಗೆ ಯೂನಿಟ್ ಮಾಮ ತನ್ನ ಎರಡು ಕೋಣೆಯ ಮನೆಯ ಶಾಖವನ್ನು ಕಾಯುತ್ತಿದ್ದ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಮರಳು ತುಂಬಿ, ಬಾಗಿಲ ಸಂದಿಗೆ ಅಡ್ಡ ಮಲಗಿಸಿದ್ದ. ಕಿಟಕಿಗಳಿಗೆ ಎಷ್ಟು ಪದರ ನ್ಯೂಸ್‌ಪೇಪರ್ ಅಂಟಿಸಿದ್ದನೆಂದರೆ, ಹೊರಗೆ ಬಿಸಿಲಿದೆಯೋ ಇಲ್ಲವೋ ತಿಳಿಯಲು ಬೀದಿಗಿಳಿಯಬೇಕಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಯಾವ ಮಂತ್ರಿ ಏನು ಭರವಸೆ ಕೊಟ್ಟಿದ್ದ ಎಂಬುದನ್ನು ಊಟ ಮಾಡುತ್ತಲೇ ಓದಬಹುದಿತ್ತು. ಚಳಿಗಾಲದಲ್ಲಿ ಫ್ರಿಜ್ಜಿಗೆ ರಜೆ, ಹಾಲಿನ ಪಾತ್ರೆ ಬಾಲ್ಕನಿಯಲ್ಲಿ. ಮನೆಗೆಲ್ಲ ಒಂದೇ ಬಲ್ಬು. ಅದು ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಬಚ್ಚಲಿಗೆ ಉತ್ಸವಮೂರ್ತಿಯಂತೆ ಸವಾರಿ ಹೊರಡುತ್ತಿತ್ತು. ಇನ್ನು ಹೀಟರು, ಬೀರುವಿನ ಮೇಲೆ ಹಳೆ ಕಂಬಳಿ ಹೊದ್ದು ಮಲಗಿತ್ತು. ಆ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ.

ಮಾಮ ಕರೆಂಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಮೀಟರ್ ಓದಿ ನಿವೃತ್ತನಾದವನು. ಕೆಲವರು ಕೈ ನೋಡಿ ಭವಿಷ್ಯ ಹೇಳುತ್ತಾರೆ. ಇವನು ಮೀಟರ್ ನೋಡಿ ಸಂಸಾರ ಹೇಳುತ್ತಿದ್ದ. ಇಪ್ಪತ್ತು ಯೂನಿಟ್ ಏರಿದ್ದರೆ ‘ಯಾರೋ ಹಾಸಿಗೆ ಹಿಡಿದಿದ್ದಾರೆ’, ಮೂವತ್ತು ಇಳಿದಿದ್ದರೆ ‘ಮಗಳನ್ನು ಗಂಡನ ಮನೆಗೆ ಕಳಿಸಿದ್ದಾರೆ’. ಒಮ್ಮೆ ಒಂದು ಮನೆಯ ಬಾಗಿಲಲ್ಲಿ ಅಂಕಿ ಬರೆದುಕೊಂಡವನು ಸುಮ್ಮನೆ ಟೋಪಿ ತೆಗೆದು ನಿಂತುಬಿಟ್ಟ. ಯಾರೂ ಏನೂ ಹೇಳಿರಲಿಲ್ಲ. ಗಂಡ ಹೋಗಿ ಹದಿನೈದು ದಿನವಾಗಿದ್ದ ಆ ಹೆಂಗಸು ಅಲ್ಲೇ ಗೋಳೋ ಎಂದು ಅತ್ತಳು. ಊರಿಗೆಲ್ಲ ಆ ಕಥೆ ಗೊತ್ತು. ಮಾಮನೇ ಊರಿಗೆಲ್ಲ ಹೇಳಿದ್ದ.

ಇಂಥ ಪಂಡಿತನ ಮನೆಯಲ್ಲಿ ಪ್ರಜೆ ಎಂದು ಇದ್ದವಳು ಒಬ್ಬಳೇ, ಅವನ ಅಕ್ಕ. ಅವನಿಗಿಂತ ಆರು ವರ್ಷ ದೊಡ್ಡವಳು, ಗಂಡನನ್ನು ಕಳೆದುಕೊಂಡವಳು. ಬಟ್ಟೆ ಕಾರ್ಖಾನೆಯಲ್ಲಿ ಕಾಜ ಹೊಲಿದು ಈ ತಮ್ಮನನ್ನು ಓದಿಸಿದವಳು. ಕರೆಂಟಿನ ದರ ಒಂದೇ ವರ್ಷದಲ್ಲಿ ಎರಡು ಸಲ ಏರಿ, ಪೆನ್ಷನ್ ಮಾತ್ರ ಇದ್ದಲ್ಲೇ ಕೂತಾಗ ಮಾಮ ಸಮರ ಸಾರಿದ. ಸಮರದ ಕಷ್ಟ ಎಲ್ಲ ಕಡೆಯೂ ಪ್ರಜೆಗಳಿಗೇ ತಾನೆ?

“ಲೋ, ಕಾಲು ಮರಗಟ್ಟಿದೆ ಕಣೋ. ಒಂದು ಗಳಿಗೆ ಹೀಟರ್ ಹಾಕೋ.”

“ಇನ್ನೊಂದು ಸ್ವೆಟರ್ ಹಾಕ್ಕೋ ಅಕ್ಕ.”

“ಈಗಾಗ್ಲೇ ಮೂರಿದೆ. ನಾಲ್ಕನೇದು ಹಾಕಿದ್ರೆ ಕೈ ಮಡಚಕ್ಕಾಗಲ್ಲ. ಆಮೇಲೆ ತುತ್ತು ನೀನೇ ತಿನ್ನಿಸ್ಬೇಕು.”

“ಓಡಾಡ್ತಾ ಇರು. ಶಾಖ ಅನ್ನೋದು ಒಳಗಿಂದ ಬರ್ಬೇಕು.”

“ಒಳಗಿಂದ ಬರ್ತಿರೋದು ಬೈಗುಳ ಒಂದೇ. ಅದನ್ನೂ ನುಂಗ್ಕೊಂಡು ಕೂತಿದೀನಿ.”

ಬೈದಳೇ ಹೊರತು ಅಕ್ಕ ಮಾತು ಕೇಳಿದಳು. ಬೆಳಗಿನ ತಿಂಡಿಯಾದ ಮೇಲೆ “ವಾಕಿಂಗು” ಎಂದು ಹೊರಟರೆ ಬರುತ್ತಿದ್ದದ್ದು ಸಂಜೆಗೆ. ಮಾಮನಿಗೆ ಖುಷಿಯಾಯಿತು. ಈ ವಯಸ್ಸಿನಲ್ಲೂ ಎಂಥ ಉತ್ಸಾಹ! ಬಾಗಿಲ ಪಕ್ಕದ ಮೀಟರಿನ ಕೆಳಗೆ ಪ್ರತಿ ತಿಂಗಳ ಯೂನಿಟ್ಟನ್ನು ಸೀಮೆಸುಣ್ಣದಲ್ಲಿ ಬರೆಯುವುದು ಅವನ ಪದ್ಧತಿ. ಮೊದಲ ತಿಂಗಳು ಅರವತ್ತೊಂದು, ಆಮೇಲೆ ನಲವತ್ತೆಂಟು, ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಇಪ್ಪತ್ತೊಂಬತ್ತು! ಟೀ ಅಂಗಡಿಯಲ್ಲಿ ಮಾಮನ ವಿಜಯೋತ್ಸವ ನಡೆಯಿತು. ಮರಳು ತುಂಬಿದ ಪ್ಯಾಂಟಿನ ಮಹಿಮೆ ಕೇಳಿ ಇಬ್ಬರು ಮನೆಗೆ ಹೋಗಿ ತಮ್ಮ ಪ್ಯಾಂಟು ಕತ್ತರಿಸಿದರಂತೆ.

ಮರುದಿನವೇ ಮೀಟರ್ ಓದುವವಳು ಬಂದಳು. ಮಾಮನ ಕೈಕೆಳಗೆ ಕೆಲಸ ಕಲಿತ ಹೆಣ್ಣುಮಗಳು. ಶಹಭಾಸ್‌ಗಿರಿ ನಿರೀಕ್ಷಿಸಿ ಮಾಮ ಎದೆ ಸೆಟೆಸಿ ನಿಂತ.

“ಸಾರ್, ಅಕ್ಕ ಊರಲ್ಲಿಲ್ವಾ?”

“ಇದಾಳಲ್ಲಮ್ಮ. ಯಾಕೆ?”

“ಇಪ್ಪತ್ತೊಂಬತ್ತು ಬಂದಿದೆ. ಇದು ಒಬ್ರೇ ಇರೋ ಮನೆ ರೀಡಿಂಗು. ನೀವೇ ಕಲಿಸಿದ್ದಲ್ವಾ ಸಾರ್?” ಎಂದು ನಕ್ಕು, ಬರೆದುಕೊಂಡು ಹೋದಳು.

ಮಾಮ ಒಳಗೆ ಹೋಗಿ ನೋಡಿದ. ಅಕ್ಕ ಕಾಲಿಗೆ ಬಿಸಿನೀರು ಕಾಯಿಸುತ್ತಿದ್ದ ಕೆಟಲಿನೊಳಗೆ ಒಂದು ಜೇಡ ಸಂಸಾರ ಹೂಡಿತ್ತು. ಅವಳ ರೇಡಿಯೋದ ಮೇಲೆ ಬೆರಳಿಂದ ಹೆಸರು ಬರೆಯುವಷ್ಟು ಧೂಳು. ಹಗಲೆಲ್ಲ ಹೆಣಿಗೆ ಹಾಕುತ್ತಿದ್ದವಳು ಈಗ ಬಲ್ಬನ್ನೂ ಬೇಡುತ್ತಿರಲಿಲ್ಲ. ಊರ ಮನೆಗಳನ್ನೆಲ್ಲ ಓದಿದವನ ಮನೆಯಲ್ಲಿ ಮೂರು ತಿಂಗಳಿಂದ ಒಬ್ಬರು ಕಡಿಮೆಯಾಗಿದ್ದರು, ಅವನು ಅದನ್ನು ಗೋಡೆಯ ಮೇಲೆ ಗೆಲುವೆಂದು ಬರೆದುಕೊಂಡಿದ್ದ.

ಕೆಳಗೆ ಇಸ್ತ್ರಿಯವನನ್ನು ಕೇಳಿದ.

“ಅಕ್ಕಾನಾ? ದಿನಾ ಆಸ್ಪತ್ರೆ ಕಡೆ ಹೋಗ್ತಾರಲ್ಲ ಮಾಮ. ನಿಮಗೆ ಗೊತ್ತಿಲ್ವಾ?”

ಆಸ್ಪತ್ರೆಯ ಹೊರರೋಗಿಗಳ ಹಾಲ್‌ನಲ್ಲಿ, ಗೋಡೆಯ ದೊಡ್ಡ ಹೀಟರಿಗೆ ಬೆನ್ನು ಕೊಟ್ಟು ಅಕ್ಕ ಕೂತಿದ್ದಳು. ತಲೆ ಎದೆಯ ಮೇಲೆ ವಾಲಿತ್ತು. ಕೈಯಲ್ಲಿ ಹನ್ನೊಂದನೇ ನಂಬರಿನ ಟೋಕನ್. ಒಳಗೆ ಎಪ್ಪತ್ತನೆಯವರನ್ನು ನೋಡುತ್ತಿದ್ದರು.

“ಯಾಕಮ್ಮ ಇವಳನ್ನ ಕರೆದಿಲ್ಲ?” ಎಂದು ಮಾಮ ಟೋಕನ್ ಕೊಡುವವಳ ಮೇಲೆ ರೇಗಿದ.

“ಅಜ್ಜಿ ದಿನಾ ಬರ್ತಾರೆ ಸಾರ್. ಟೋಕನ್ ತಗೋತಾರೆ, ಕರೆದ್ರೆ ‘ಪಾಪ, ಮುಂದಿನವರನ್ನ ಕಳಿಸಮ್ಮ, ನಂದೇನು ಅರ್ಜೆಂಟಿಲ್ಲ’ ಅಂತಾರೆ. ಚಳಿ ಕಾಯಿಸ್ಕೊಳ್ಳೋಕೆ ಬರೋದು, ನಮಗೂ ಗೊತ್ತು. ಅದಕ್ಕೆ ಈಗೀಗ ಕರೆಯೋದೇ ಬಿಟ್ಟಿದೀವಿ.” ಹೇಳುತ್ತಲೇ ಅವಳು ಅಕ್ಕನ ಹಣೆ ಮುಟ್ಟಿ ನೋಡಿ ಗಾಬರಿಯಾದಳು. “ಅಯ್ಯೋ, ಕೆಂಡ ಕೆಂಡ!”

ನಿಜವಾಗಿ ಕಾಯಿಲೆ ಬಿದ್ದ ದಿನವೂ ಅಕ್ಕ ಬೆಳಗಿನಿಂದ ಸುಮ್ಮನೆ ಕೂತಿದ್ದಳು.

ನ್ಯುಮೋನಿಯಾ ಎಂದರು. ವಾರ್ಡಿನಲ್ಲಿ ಒಂಬತ್ತು ದಿನ. ಕಳಿಸುವಾಗ ಡಾಕ್ಟರಮ್ಮ ಮಾಮನನ್ನು ಪಕ್ಕಕ್ಕೆ ಕರೆದರು. “ಕೋಣೆ ಹಗಲೂ ರಾತ್ರಿ ಬೆಚ್ಚಗಿರ್ಬೇಕು. ಇನ್ನೊಂದು ಸಲ ಶೀತ ಹಿಡಿದ್ರೆ ಇವರು ತಡೆಯಲ್ಲ.”

ಮಾಮ ಶರಣಾದ. ಬೀರುವಿನ ಮೇಲಿಂದ ಹೀಟರನ್ನು ಇಳಿಸಿ, ಅದು ಹೊದ್ದಿದ್ದ ಕಂಬಳಿಯನ್ನು ಅಕ್ಕನಿಗೆ ಹೊದಿಸಿ, ಸ್ವಿಚ್ ಒತ್ತಿದ. ಮೀಟರಿನ ಚಕ್ರ ಬುಗುರಿಯ ಹಾಗೆ ತಿರುಗಿತು. ಅವನು ಮೀಟರಿಗೆ ಬೆನ್ನು ಹಾಕಿ ಕೂತ.

“ಆರಿಸೋ, ಸಾಕು. ನನಗೋಸ್ಕರ ಎಷ್ಟು ಉರಿಸ್ತೀಯ?”

“ಸುಮ್ನೆ ಮಲಗು ಅಕ್ಕ.”

“ನಿದ್ದೆ ಬರಲ್ಲ ಕಣೋ. ಚಕ್ರ ತಿರುಗೋ ಸದ್ದು ಕೇಳಿಸ್ತಾ ಇದೆ.”

“ಅದಕ್ಕೆ ಸದ್ದೇ ಇಲ್ಲ.”

“ನಿನ್ನ ಜೊತೆ ಇದ್ದು ಇದ್ದು ನನಗೆ ಕೇಳಿಸುತ್ತೆ.”

ಎರಡು ದಿನ ಮಾಮ ಸ್ವಿಚ್ಚಿನ ಪಕ್ಕದಿಂದ ಕದಲಲಿಲ್ಲ. ಮೂರನೆಯ ದಿನ ಮಾತ್ರೆ ಮುಗಿಯಿತು. ಹೀಟರನ್ನು ಜೋರಾಗಿಟ್ಟು, “ಮುಟ್ಟಬೇಡ” ಎಂದು ಆಣೆ ಮಾಡಿಸಿಕೊಂಡು ಔಷಧದ ಅಂಗಡಿಗೆ ಹೋದ. ಅಲ್ಲಿ ಸಾಲು ಹನುಮಂತನ ಬಾಲ. ಬರುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು.

ಬಾಗಿಲು ತೆರೆದರೆ ಮನೆ ಮೊದಲಿನ ಹಾಗೆ ಕೊರೆಯುತ್ತಿತ್ತು. ಹೀಟರು ಆರಿತ್ತು. ಅಕ್ಕ ಹಾಸಿಗೆ ಬಿಟ್ಟು, ಬಾಗಿಲ ಪಕ್ಕ ಸ್ಟೂಲು ಎಳೆದುಕೊಂಡು, ಮೀಟರಿನ ಎದುರು ಕೂತಿದ್ದಳು. ತುಟಿ ನೀಲಿಗಟ್ಟಿತ್ತು, ಕೈಯಲ್ಲಿ ಸೀಮೆಸುಣ್ಣ. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ನಕ್ಕಳು.

“ನೀನು ಹೋದಾಗಿಂದ ಚಕ್ರ ಅಲ್ಲಾಡಿಲ್ಲ ನೋಡು. ಬರೆದಿಟ್ಟಿದೀನಿ.”

ಮಾಮ ಅವಳ ಕೈ ಹಿಡಿದುಕೊಂಡ. ಬಾಲ್ಕನಿಯ ಹಾಲಿನ ಪಾತ್ರೆಯಷ್ಟು ತಣ್ಣಗಿತ್ತು. ಬಯ್ಯಲು ಬಾಯಿ ತೆರೆದ. ಇದೆಲ್ಲ ತಾನೇ ಕಲಿಸಿದ ಪಾಠವೆಂದು ನೆನಪಾಗಿ ಮುಚ್ಚಿದ.

ಐದನೆಯ ದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಹೀಟರು ಉರಿಯುತ್ತಲೇ ಇತ್ತು.

ಅದನ್ನು ಮಾಮ ಆಮೇಲೂ ಆರಿಸಲಿಲ್ಲ. ಅಕ್ಕನ ಕೋಣೆಯಲ್ಲಿ ಬಲ್ಬು ಹಾಕಿದ, ಅವಳ ಹೊತ್ತಿಗೆ ಸರಿಯಾಗಿ ಕೆಟಲಿನಲ್ಲಿ ನೀರು ಕಾಯಿಸಿದ, ಧೂಳು ಒರೆಸಿ ರೇಡಿಯೋ ಹಚ್ಚಿದ. ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ. ಗೋಡೆಯ ಮೇಲೆ ಕೊನೆಯ ಅಂಕಿ ಅಕ್ಕ ಬರೆದದ್ದೇ, ಸೊಟ್ಟ ಸೊನ್ನೆ.

ತಿಂಗಳ ಕೊನೆಗೆ ಮೀಟರ್ ಓದುವವಳು ಬಂದಳು. ರಜೆಯ ಮೇಲೆ ಊರಿಗೆ ಹೋಗಿದ್ದ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅಂಕಿ ನೋಡಿ ಹುಬ್ಬೇರಿಸಿದಳು, ಒಳಗಿಂದ ಬರುತ್ತಿದ್ದ ಹಾಡಿಗೆ ಕಿವಿಗೊಟ್ಟಳು.

“ಈ ಸಲ ಇಬ್ರಿರೋ ರೀಡಿಂಗು ಸಾರ್. ಅಕ್ಕ ಮನೇಲೇ ಇದಾರೆ ಅಂತಾಯ್ತು.”

“ಬರ್ಕೋಮ್ಮ” ಎಂದ ಮಾಮ.

ಅವಳು ಬರೆದುಕೊಂಡು, ಮೆಟ್ಟಿಲಿಳಿಯುತ್ತಾ ಕೂಗಿ ಹೇಳಿದಳು, “ಬಾಗಿಲು ಹಾಕ್ಕೊಳ್ಳಿ ಸಾರ್, ಅಕ್ಕನಿಗೆ ಚಳಿಯಾಗುತ್ತೆ.”

ಮಾಮ ಬಾಗಿಲು ಹಾಕಿ, ಮರಳು ತುಂಬಿದ ಪ್ಯಾಂಟಿನ ಕಾಲನ್ನು ಕಾಲಿನಿಂದಲೇ ಸಂದಿಗೆ ಒತ್ತಿದ.