ಗ್ಯಾಸ್ ತುಂಬಿಸಲು ಒಪ್ಪದ ಉಸ್ತಾದ್

ಬೆಳಗಿನ ನಮಾಜು ಮುಗಿದು ಅರ್ಧ ಗಂಟೆಯಾಗಿದೆ. ಇಬ್ರಿ ಪಟ್ಟಣದ ಗ್ಯಾರೇಜು ಬೀದಿಯಲ್ಲಿ ಉಳಿದ ಶಟರ್‌ಗಳೆಲ್ಲ ಇನ್ನೂ ಕೆಳಗಿವೆ. ದಿಲ್ಮುರಾದ್ ಬಲೂಶಿ ಮಾತ್ರ ಒಂದು ಬಿಳಿ ಕಾರಿನ ಅಡಿಯಲ್ಲಿ ಅಂಗಾತ ಮಲಗಿ ನೆಲ ಸವರುತ್ತಿದ್ದಾರೆ. ಇಂಜಿನ್ ಓಡುತ್ತಿದೆ, ಎ.ಸಿ. ಓಡುತ್ತಿದೆ, ನೆಲ ಮಾತ್ರ ಒಣಗಿದೆ.

"ಎಷ್ಟು ಹೊತ್ತಿಂದ ಎ.ಸಿ. ಹಾಕಿದೀಯಪ್ಪಾ?"

"ಮನೆ ಬಿಟ್ಟಾಗಿಂದ ಉಸ್ತಾದ್. ಅರ್ಧ ಗಂಟೆ ಆಯ್ತು," ಎನ್ನುತ್ತಾನೆ ಕಾರಿನ ಒಡೆಯ ಖಲ್ಫಾನ್.

"ಅರ್ಧ ಗಂಟೆ ಓಡಿದ ಎ.ಸಿ. ಉಚ್ಚೆ ಹೊಯ್ಯಬೇಕು. ಒಂದು ತೊಟ್ಟೂ ಇಲ್ಲ ಅಂದ್ರೆ ಮೈಯಲ್ಲಿ ಹುಷಾರಿಲ್ಲ ಅಂತ ಲೆಕ್ಕ."

ಖಲ್ಫಾನ್ ನಗುವ ಸ್ಥಿತಿಯಲ್ಲಿಲ್ಲ. ಏಳನೇ ತಿಂಗಳಿಗೇ ಹುಟ್ಟಿದ ಅವನ ಮಗ ಅಝ್ಝಾನ್‌ಗೆ ಈಗ ಐವತ್ತೈದು ದಿನ. ಈವತ್ತು ಹನ್ನೆರಡು ಗಂಟೆಗೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕಣ್ಣಿನ ತಪಾಸಣೆ. ಹೋದ ವಾರವೇ ಆಗಬೇಕಿತ್ತು. ಅರ್ಧ ದಾರಿಯಲ್ಲಿ ಎ.ಸಿ. ಕೈಕೊಟ್ಟು, ಮಗು ಕೆಂಪಗಾಗಿ ಬಳಲಿ, ವಾಪಸ್ ಬಂದರು. ಇನ್ನು ತಡವಾದರೆ ಕಣ್ಣಿಗೇ ಅಪಾಯ ಎಂದಿದ್ದಾರೆ ಡಾಕ್ಟರು. ಮೂರು ಗಂಟೆಯ ದಾರಿ. ಎಂಟು ಗಂಟೆಗೆ ಹೊರಡಲೇಬೇಕು. ತಾಯಿ ಶಂಸಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮನೆಯಲ್ಲಿ ಕಾಯುತ್ತಿದ್ದಾಳೆ. ಮೆಕ್ಯಾನಿಕ್‌ಗಳನ್ನು ಕಾವಲು ಕಾಯದೆ ಬಿಡಬಾರದೆಂದು ಖಲ್ಫಾನನ ಅತ್ತೆ ಝುವೈನಾ ತಾವೇ ಅಳಿಯನ ಜೊತೆ ಬಂದು ಸ್ಟೂಲಿನ ಮೇಲೆ ಕೂತಿದ್ದಾರೆ.

"ಮೂರು ಕಡೆ ಗ್ಯಾಸ್ ತುಂಬಿಸಿದ್ದಾಯ್ತು. ನೀನೂ ತುಂಬಿಸ್ತೀಯಾ?" ಅವರ ದನಿಯಲ್ಲಿ ಸವಾಲಿದೆ.

"ನಾನು ತುಂಬಿಸಲ್ಲ ಅಮ್ಮಾ."

ನಮ್ಮೂರಿನಲ್ಲಿ ಕಾರು ತಣ್ಣಗಾಗದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ಗ್ಯಾಸ್ ತುಂಬಿಸು. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಗುಳಿಗೆ. ಉಸ್ತಾದರ ಬಗ್ಗೆ ಪೇಪರಿಗೆ ಬರೆಯಲೆಂದು ಬಂದು ಕೂತಿರುವ ನಾನೂ ನಾಲ್ಕು ಬೇಸಿಗೆ ಹಾಗೆ ತುಂಬಿಸಿ ಪೆಚ್ಚಾದವನೇ, ಹಾಗಾಗಿ ಯಾರನ್ನೂ ಹಂಗಿಸುವ ಯೋಗ್ಯತೆ ನನಗಿಲ್ಲ. ದಿಲ್ಮುರಾದ್ ಗಿರಾಕಿ ಬೇಡಿಕೊಂಡರೂ ಒಪ್ಪುವುದಿಲ್ಲ. "ಗ್ಯಾಸ್ ಏನು ಪೆಟ್ರೋಲಾ ಖರ್ಚಾಗೋಕೆ? ಪೈಪೊಳಗೇ ಸುತ್ತುತ್ತಾ ಇರುತ್ತೆ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸೋದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ."

ಈ ಹಟದಿಂದಾಗಿ ಅವರು ಕಳೆದುಕೊಂಡ ಗಿರಾಕಿಗಳಿಗೆ ಲೆಕ್ಕವಿಲ್ಲ. ಹದಿನೇಳನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದವರಿಗೆ ಈಗ ಐವತ್ತೆಂಟು. ಸೊಹಾರಿನಲ್ಲಿ ಕೆಲಸ ಕಲಿಸಿದ ಉಸ್ತಾದರ ಬೈಗುಳ ಇನ್ನೂ ಬಾಯಿಪಾಠ. ಹಿಂದೊಮ್ಮೆ ಪೈಪು ಬಿಚ್ಚುವಾಗ ಗ್ಯಾಸ್ ಚಿಮ್ಮಿ ಎಡಗೈಯ ಎರಡು ಬೆರಳು ಸುಟ್ಟವು. ಬೆಂಕಿಯಿಂದಲ್ಲ, ಚಳಿಯಿಂದ. ಅವಕ್ಕೆ ಇವತ್ತಿಗೂ ಬಿಸಿ ತಂಪು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಾರು, ಚಳಿಗಾಲದಲ್ಲಿ ಎರಡು ಬಂದರೆ ಹೆಚ್ಚು. ಹತ್ತು ಗಂಟೆಯ ಮೇಲೆ ಬಾನೆಟ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುವುದರಿಂದ ಕತ್ತಲಿರುವಾಗಲೇ ಬಾಗಿಲು ತೆರೆಯುತ್ತಾರೆ.

ಅವರ ಗ್ಯಾರೇಜಿನಲ್ಲಿ ಎ.ಸಿ. ಇಲ್ಲ, ಒಂದು ಫ್ಯಾನಿದೆ. ಜಿಪುಣತನವೆಂದು ನಾನು ತಮಾಷೆ ಮಾಡಿದ್ದೆ. ಬಲಗೈಯ ಹಿಂಬದಿಯನ್ನು ಬಕೆಟ್ಟಿನಲ್ಲಿ ಅದ್ದಿ, ಕಾರಿನೊಳಗೆ ಗಾಳಿ ಬರುವ ಕಿಂಡಿಗೆ ಒಡ್ಡುತ್ತಾ ಅವರು ಉತ್ತರ ಕೊಟ್ಟರು: "ತಂಪಲ್ಲೇ ಕೂತವನ ಕೈಗೆ ತಂಪು ಗೊತ್ತಾಗಲ್ಲ ಸಾಹೇಬ್ರೇ."

ಈಗಲೂ ಅದೇ ಒದ್ದೆ ಕೈ ಕಿಂಡಿಯ ಮುಂದಿದೆ. ಒಳಗೆ ಫ್ಯಾನು ಬೊಬ್ಬೆ ಹಾಕುತ್ತಿದೆ, ಗಾಳಿ ಮಾತ್ರ ಉಸಿರಿನಷ್ಟೂ ಇಲ್ಲ.

"ಶುರುವಲ್ಲಿ ಚೆನ್ನಾಗಿ ಬರುತ್ತೆ. ಆಮೇಲಾಮೇಲೆ ನಿಂತೇ ಹೋಗುತ್ತೆ," ಎನ್ನುತ್ತಾನೆ ಖಲ್ಫಾನ್. "ವಿಚಿತ್ರ ಏನಂದ್ರೆ, ಮಸೀದಿ ಹತ್ರ ನಿಲ್ಲಿಸಿ ನಮಾಜ್ ಮುಗಿಸಿ ಬಂದ್ರೆ ಮತ್ತೆ ತಣ್ಣಗೆ!"

"ನಾನು ದುವಾ ಮಾಡಿದ್ದಕ್ಕೆ," ಎನ್ನುತ್ತಾರೆ ಝುವೈನಾ ತಕ್ಷಣ.

"ದುವಾ ಖಂಡಿತ ಕೇಳಿದೆ ಅಮ್ಮಾ. ಅಷ್ಟು ಹೊತ್ತಿಗೆ ಒಳಗಿನ ಮಂಜುಗಡ್ಡೆನೂ ಕರಗಿದೆ."

ದಿಲ್ಮುರಾದ್ ಮುಖದ ಗಂಟು ಸಡಿಲವಾಗಿದ್ದು ಆಗಲೇ. ಗಾಳಿ ಹಾದುಹೋಗಲು ದಾರಿಯಿಲ್ಲದಿದ್ದರೆ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಮಂಜು ಕಟ್ಟಿದಷ್ಟೂ ದಾರಿ ಇನ್ನಷ್ಟು ಮುಚ್ಚುತ್ತದೆ. ಕಾರು ನಿಲ್ಲಿಸಿದರೆ ಕರಗುತ್ತದೆ. ಗೇಜ್ ಹಾಕಿ ನೋಡಿದರೆ ಗ್ಯಾಸು ಕಮ್ಮಿಯಿಲ್ಲ, ಜಾಸ್ತಿಯೇ ಇದೆ. "ಮೂರು ಜನ ಸೇರಿ ಹೊಟ್ಟೆ ಉಬ್ಬಿಸಿದ್ದಾರೆ ಪಾಪ," ಎನ್ನುತ್ತಾ ಹೆಚ್ಚಾದದ್ದನ್ನು ಸಿಲಿಂಡರಿಗೆ ಇಳಿಸುತ್ತಾರೆ. ಆದರೆ ದಾರಿ ಮುಚ್ಚಿದ್ದು ಯಾವುದು? ಕಾರಿನೊಳಗೆ ತಲೆ ಹಾಕಿ ಒಮ್ಮೆ ಮೂಸುತ್ತಾರೆ.

"ಅಮ್ಮಾ, ಲೋಬಾನ ಧೋಫಾರಿನದಲ್ವಾ? ಒಳ್ಳೇ ಮಾಲು."

ಝುವೈನಾ ಮುಖ ಅರಳುತ್ತದೆ. "ಮತ್ತೆ? ಕಂಡಕಂಡದ್ದು ಹಾಕ್ತೀನಾ? ಕೂಸು ಹುಟ್ಟಿದಾಗಿಂದ ದಿನಕ್ಕೆ ಮೂರು ಸಲ ಗಾಡಿ ಒಳಗೆ ಕೆಂಡ ಇಟ್ಟು, ಗಾಜು ಏರಿಸಿ ಹೊಗೆ ಹಾಕ್ತೀನಿ. ಒಂದ್ ಥರ ಮುಗ್ಗಲು ವಾಸನೆ ಶುರುವಾಯ್ತು ನೋಡು, ಆಮೇಲೆ ಐದು ಸಲ."

ದಿಲ್ಮುರಾದ್ ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸುತ್ತಾರೆ. "ಖಲ್ಫಾನ್, ಆ ಮೂಲೆ ಅಂಗಡಿಯಿಂದ ಎಲ್ಲರಿಗೂ ಚಾ ತಗೊಂಬಾ."

ಅಳಿಯ ಮರೆಯಾದ ಮೇಲೆ ಎ.ಸಿ. ಗಾಳಿ ಸೋಸುವ ಫಿಲ್ಟರ್ ಎಳೆಯುತ್ತಾರೆ. ಕಪ್ಪಗೆ, ಜಿಗುಟಾಗಿ, ರೊಟ್ಟಿ ಸೀದಂತಿದೆ. ಹಿಂದಿನ ಕಾಯಿಲ್ ಮೇಲೂ ಅದೇ ಮೇಣ, ಮೇಲೆ ನಮ್ಮೂರ ಧೂಳು. ಬೆರಳಲ್ಲಿ ಒಂದಿಷ್ಟು ಬಳಿದು ಝುವೈನಾ ಮೂಗಿನ ಹತ್ತಿರ ಹಿಡಿಯುತ್ತಾರೆ. ಅವರು ಮೂಸುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ.

"ನಾನೇನಾ?" ಆ ಗಟ್ಟಿಗಿತ್ತಿಯ ದನಿ ಇಷ್ಟು ಸಣ್ಣದಾಗಬಲ್ಲದೆಂದು ನಾನು ಎಣಿಸಿರಲಿಲ್ಲ. "ದೃಷ್ಟಿ ಆಗದಿರಲಿ ಅಂತ ಹಾಕಿದೆ ಕಣೋ. ಮಗು ಕಣ್ಣಿಗೆ ನಾನೇ ಅಡ್ಡ ಬಂದ್ನಾ?"

"ಅಜ್ಜಿ ಅಡ್ಡ ಬರ್ತಾರಾ ಎಲ್ಲಾದ್ರೂ? ಲೋಬಾನ ಮನೇಲಿ ಹಾಕಿ. ಮಗು ಬಟ್ಟೆಗೆ ಹಿಡೀರಿ. ಗಾಡಿಗೆ ಬೇಡ. ಗಾಜಿಗೆ ಕಪ್ಪು ಹಾಳೆ ಅಂಟಿಸಿದಾನೆ ನಿಮ್ಮಳಿಯ, ಒಳಗೆ ಯಾರಿದ್ದಾರೆ ಅಂತ್ಲೇ ಕಾಣಲ್ಲ. ದೃಷ್ಟಿ ಹಾಕೋನು ಎಲ್ಲಿಂದ ನೋಡ್ತಾನೆ?"

ಝುವೈನಾ ಮುಸುಕಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಡುತ್ತಾರೆ.

ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ತೊಳೆಯಲು ಒಂದು ದಿನ ಬೇಕು. ಇರುವುದು ಎರಡು ಗಂಟೆ. ಫಿಲ್ಟರಿನ ಸಂದಿಯಿಂದಲೇ ಕೈ ತೂರಿಸಿ, ನೊರೆ ಬಿಟ್ಟು, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಬೆಚ್ಚಗಿನ ನೀರು ಹಾಯಿಸುತ್ತಾರೆ. ಆ ನೀರು ಹೊರಬರಬೇಕಾದ ಕೊಳವೆಯೂ ಕಟ್ಟಿದೆ. ಒಳಗಿನ ಹಾಸು ಒದ್ದೆಯಾಗಿ ಮುಗ್ಗಲು ಹಿಡಿದದ್ದು ಅದರಿಂದಲೇ. ತಂತಿ ಹಾಕಿದರೆ ಕೊಳವೆ ತೂತಾದೀತೆಂದು ಸೀಳಿದ ಖರ್ಜೂರದ ಗರಿಯನ್ನು ಕೆಳಗಿನಿಂದ ಏರಿಸುತ್ತಾರೆ. ಒಂದು ಸಲ, ಎರಡು ಸಲ. ಏಳೂವರೆ ಆಗಿದೆ. ಚಾ ತಂದ ಖಲ್ಫಾನ್ ಲೋಟ ಹಿಡಿದೇ ನಿಂತಿದ್ದಾನೆ. ಬಳಬಳನೆ ಕಂದು ನೀರು ಸುರಿದು ದಿಲ್ಮುರಾದ್ ತೋಳು ತೋಯಿಸಿದಾಗ ಗ್ಯಾರೇಜೆಲ್ಲ ಲೋಬಾನದ ಘಮ.

ಇಂಜಿನ್ ಶುರು. ಇಪ್ಪತ್ತು ನಿಮಿಷ ಕಳೆಯುತ್ತದೆ. ಗಾಳಿ ನಿಲ್ಲುವುದಿಲ್ಲ. ಒದ್ದೆ ಕೈಯನ್ನು ಒಡ್ಡಿದ ಉಸ್ತಾದ್ ಚುಳ್ ಎಂದಂತೆ ಹಿಂದೆಗೆಯುತ್ತಾರೆ. ಕಾರಿನಡಿಯಲ್ಲಿ ಟಪ್, ಟಪ್ ಎಂದು ತಿಳಿನೀರು. ನನಗೇ ಜೀವ ಬಂದಂತಾಯಿತು.

"ಏನಾಗಿತ್ತು ಉಸ್ತಾದ್?"

"ಧೂಳು," ಎನ್ನುತ್ತಾರೆ ದಿಲ್ಮುರಾದ್. "ಹೊರಡು, ಹೊತ್ತಾಯ್ತು."

ಕಾರು ಹೋದ ಮೇಲೆ ಚಾ ಹೀರುತ್ತಾ ಹೇಳುತ್ತಾರೆ: "ಸರಿಹೋದೋರು ಫೋನ್ ಮಾಡಲ್ಲ, ಕೆಟ್ಟೋರು ಮಾತ್ರ ಮಾಡ್ತಾರೆ. ಫೋನ್ ಬಡ್ಕೊಂಡ್ರೆ ಎದೆ ಧಸಕ್ ಅನ್ನುತ್ತೆ ನಂಗೆ."

ಒಂದೂವರೆಗೆ ಫೋನು ಬಡಿದುಕೊಳ್ಳುತ್ತದೆ. ಖಲ್ಫಾನ್. ಉಸ್ತಾದ್ ಎರಡು ಸಲ ಬಟ್ಟೆಗೆ ಕೈ ಒರೆಸಿ ಸ್ಪೀಕರ್ ಒತ್ತುತ್ತಾರೆ.

"ಉಸ್ತಾದ್, ಕಣ್ಣು ಚೆನ್ನಾಗಿದೆಯಂತೆ! ಎರಡು ವಾರ ಬಿಟ್ಟು ಬನ್ನಿ ಅಂದ್ರು. ಅತ್ತೆ ಎಲ್ಲಾ ಹೇಳಿದ್ರು, ಧೂಳಂತೆ ಧೂಳು! ತಡೀರಿ, ಅವರಿಗೇ ಮಾತಾಡಬೇಕಂತೆ."

"ಆ ಪೇಪರಿನವನು ಅಲ್ಲೇ ಇದ್ರೆ ಬರ್ಕೊಳ್ಳಲಿ, ನನ್ನ ಹೆಸರು ಹಾಕಿಯೇ ಬರೀಲಿ. ಬೇರೆ ಅಜ್ಜೀರಿಗೂ ಗೊತ್ತಾಗ್ಲಿ," ಝುವೈನಾ ದನಿಗೆ ಹಳೆಯ ಗತ್ತು ಮರಳಿದೆ. "ಅದಿರಲಿ, ಏನ್ ಮಾಡಿಟ್ಟಿದೀಯೋ ನೀನು? ದಾರಿಯುದ್ದಕ್ಕೂ ಮಂಡಿ ಮರಗಟ್ಟಿ ಹೋಯ್ತು. ನನ್ನ ಶಾಲನ್ನೂ ಮಗೂಗೇ ಹೊದಿಸಿದೆ. ಇದನ್ನ ಕಮ್ಮಿ ಮಾಡೋದು ಹೇಗೆ, ಬೇಗ ಹೇಳು!"

ಹೇಳಿಕೊಟ್ಟು ಫೋನ್ ಇಟ್ಟ ದಿಲ್ಮುರಾದ್ ಹೊರಗಿನ ಬೆಂಕಿ ಬಿಸಿಲನ್ನು ಒಮ್ಮೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಕಣ್ಣಂಚು ಒದ್ದೆಯಾಗಿದೆ, ಬೆವರೆಂದು ನಂಬಿಸಲು ನೋಡುತ್ತಾರೆ.

"ಕೇಳಿದ್ರಾ? ಆಗಸ್ಟ್ ತಿಂಗಳಲ್ಲಿ ಇಬ್ರಿಯ ಮುದುಕಿ ಚಳಿ ಅಂತ ನನ್ನ ಬೈದ್ಲು. ಇಂಥ ಬೈಗುಳ ವರ್ಷಕ್ಕೊಂದು ಸಿಕ್ರೆ ಸಾಕು ಸಾಹೇಬ್ರೇ."